ಆಟವನ್ನು ಪೆಟ್ಟಿಗೆಯಿಂದ ಬಿಡಿಸಿದ ಲಾಸನ್

ನನ್ನ ಲ್ಯಾಪ್‌ಟಾಪಿನಲ್ಲಿ ಸೆಗಾ ಕಂಪನಿಯ ಹಳೆಯ ಆಟಗಳ ಸಂಗ್ರಹವೊಂದಿದೆ. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಮೆಗಾ ಡ್ರೈವ್ ಯಂತ್ರದ ಆಟಗಳನ್ನೇ ಕಂಪ್ಯೂಟರಿಗಾಗಿ ಮತ್ತೆ ಬಿಡುಗಡೆ ಮಾಡಿದ್ದು. ಒಂದು ದಿನ ಸುಮ್ಮನೆ ಅದರ ಫೋಲ್ಡರ್ ತೆರೆದು ನೋಡಿದೆ. ಒಂದೊಂದು ಆಟವೂ ಒಂದೊಂದು ಫೈಲ್. 1991ರ ‘ಸೋನಿಕ್ ದಿ ಹೆಡ್ಜ್‌ಹಾಗ್’ ಇಡೀ ಆಟ ಬರೀ 512 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ! ಆ ಕಾಲದ ಕಾರ್ಟ್ರಿಜ್ ಒಳಗಿನ ಚಿಪ್‌ನಲ್ಲಿ ಇದ್ದದ್ದೇ ಈ ಫೈಲಿನಲ್ಲೂ ಇದೆ. ಹಳೆಯ ಯಂತ್ರ ಮಾಡುತ್ತಿದ್ದ ಕೆಲಸವನ್ನು ಎಮ್ಯುಲೇಟರ್ ಎಂಬ ತಂತ್ರಾಂಶ ಮಾಡುತ್ತದೆ.

ಕಾರ್ಟ್ರಿಜ್ ಅಂದರೆ ನಮ್ಮ ಕಡೆ ‘ವಿಡಿಯೊ ಗೇಮ್ ಕ್ಯಾಸೆಟ್’ ಎನ್ನುತ್ತಿದ್ದರಲ್ಲ, ಅದೇ. ಆಟ ಬೇರೆ, ಆಡಿಸುವ ಪೆಟ್ಟಿಗೆ ಬೇರೆ ಎಂಬ ಏರ್ಪಾಡು ಶುರುವಾಗಿದ್ದು ಎಲ್ಲಿಂದ ಎಂದು ಹುಡುಕುತ್ತ ಹೋದಾಗ ಸಿಕ್ಕ ಹೆಸರು ಜೆರಾಲ್ಡ್ ಲಾಸನ್. ಎಲ್ಲರ ಬಾಯಲ್ಲಿ ಜೆರ‍್ರಿ.

ಲಾಸನ್ ಹುಟ್ಟಿದ್ದು 1940ರ ಡಿಸೆಂಬರ್ 1ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಕ್ವೀನ್ಸ್‌ನ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಕಪ್ಪುವರ್ಣೀಯ ಕುಟುಂಬ. ತಂದೆ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸಗಾರ, ಆದರೆ ವಿಜ್ಞಾನದ ಪುಸ್ತಕಗಳ ಹುಚ್ಚು ಇದ್ದವರು. ತಾಯಿ ಮಗನ ಶಾಲೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದನೇ ತರಗತಿಯಲ್ಲಿ ಲಾಸನ್ ಕೂರುತ್ತಿದ್ದ ಜಾಗದ ಪಕ್ಕದಲ್ಲೇ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಚಿತ್ರವಿತ್ತು. ಗುಲಾಮಗಿರಿಯಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದ ಕಪ್ಪುವರ್ಣೀಯರು ಕಾರ್ವರ್. ತಾನೂ ಹಾಗಾಗಬಹುದು ಎಂದು ಹುಡುಗನಿಗೆ ಅನ್ನಿಸಿದ್ದು ಆಗಲೇ.

ಹದಿಹರೆಯದಲ್ಲೇ ಹ್ಯಾಮ್ ರೇಡಿಯೊ ಲೈಸೆನ್ಸ್ ಪಡೆದು, ಹಳೆಯ ಬಿಡಿಭಾಗಗಳಿಂದ ಮನೆಯಲ್ಲೇ ಒಂದು ಸ್ಟೇಷನ್ ಕಟ್ಟಿಕೊಂಡರು. ಮನೆಮನೆಗೆ ಹೋಗಿ ಟಿ.ವಿ. ರಿಪೇರಿ ಮಾಡಿ ಕಾಸು ಸಂಪಾದಿಸಿದರು. ಕಾಲೇಜಿಗೇನೋ ಸೇರಿದರು, ಪದವಿ ಮಾತ್ರ ಮುಗಿಸಲಿಲ್ಲ. (ಇದನ್ನು ಅಪ್ಪನಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.)

1970ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ಸೇರಿದರು. ಗ್ರಾಹಕರಿಗೆ ಚಿಪ್‌ಗಳ ಬಳಕೆ ತೋರಿಸಿಕೊಡುವ ಎಂಜಿನಿಯರ್ ಕೆಲಸ. ಆರೂವರೆ ಅಡಿ ಎತ್ತರದ ಆಳು. ಮನೆಯ ಗ್ಯಾರೇಜಿನಲ್ಲಿ, ಬಿಡುವಿನ ಹೊತ್ತಿನಲ್ಲಿ, ‘ಡೆಮಾಲಿಷನ್ ಡರ್ಬಿ’ ಎಂಬ ನಾಣ್ಯ ಹಾಕಿ ಆಡುವ ಕಾರಿನ ಆಟ ತಯಾರಿಸಿದರು. ಮೈಕ್ರೊಪ್ರೊಸೆಸರ್ ಬಳಸಿದ ಮೊದಮೊದಲ ಆಟಗಳಲ್ಲಿ ಅದೂ ಒಂದು. ಸುದ್ದಿ ಕಂಪನಿಯ ಕಿವಿಗೆ ಬಿತ್ತು. ಬೈಗುಳ ಬೀಳಬೇಕಾದಲ್ಲಿ, ಕಂಪನಿಯಲ್ಲೇ ವಿಡಿಯೊ ಗೇಮ್ ವಿಭಾಗ ನಡೆಸುವ ಜವಾಬ್ದಾರಿ ಬಂತು.

ಆ ಹೊತ್ತಿಗೆ ಮನೆಯಲ್ಲಿ ಆಡುವ ಆಟವೆಂದರೆ ‘ಪಾಂಗ್’ ಮಾದರಿಯದ್ದು. ಅದರಲ್ಲಿ ಪ್ರೋಗ್ರಾಮ್ ಎಂಬುದೇ ಇಲ್ಲ. ಚೆಂಡು, ಬ್ಯಾಟು, ಅಂಕ ಎಲ್ಲವೂ ಸರ್ಕ್ಯೂಟಿನಲ್ಲೇ ಹೆಣೆದುಬಿಟ್ಟಿವೆ. ಬೇಜಾರಾದರೆ ಪೆಟ್ಟಿಗೆಯನ್ನೇ ಅಟ್ಟಕ್ಕೆ ಹಾಕಬೇಕು. ಆಟವನ್ನು ರೋಮ್ ಚಿಪ್‌ನಲ್ಲಿಟ್ಟು ಬದಲಾಯಿಸುವ ಯೋಚನೆ ಮೊದಲು ಹೊಳೆದದ್ದು ಆಲ್ಪೆಕ್ಸ್ ಎಂಬ ಸಣ್ಣ ಕಂಪನಿಯ ವ್ಯಾಲೇಸ್ ಕಿರ್ಶ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್ ಅವರಿಗೆ. ಲಾಸನ್ ಅವರನ್ನು ಕಾರ್ಟ್ರಿಜ್‌ನ ಪಿತಾಮಹ ಎಂದು ಕರೆಯುವವರು ಈ ಇಬ್ಬರನ್ನು ಮರೆತುಬಿಡುತ್ತಾರೆ, ಅದು ಸರಿಯಲ್ಲ. ಆದರೆ ಅವರ ಹತ್ತಿರ ಇದ್ದದ್ದು ಪ್ರಯೋಗದ ಮಾದರಿ. ಅದನ್ನು ಮಕ್ಕಳ ಕೈಗೆ ಕೊಡುವಂಥ ವಸ್ತುವಾಗಿಸಿದ್ದು ಲಾಸನ್ ಮತ್ತು ಅವರ ತಂಡ.

ಮೈಕ್ರೊಪ್ರೊಸೆಸರ್ ಲ್ಯಾಬ್‌ನಲ್ಲಿ ಒಂದು ಚಿಪ್ಪನ್ನು ಸಾಕೆಟ್‌ನಿಂದ ಕಿತ್ತು ಮತ್ತೆ ಕೂರಿಸುವಾಗ ಪಿನ್ ಬಾಗಿಸಿದವರಿಗೆ ಆ ಕಷ್ಟ ತಿಳಿದೀತು. ಸರ್ಕ್ಯೂಟನ್ನು ಸಾವಿರಾರು ಸಲ ತೂರಿಸಿ ತೆಗೆದರೂ ಸಂಪರ್ಕ ಸವೆಯಬಾರದು. ಜಮಖಾನೆಯ ಮೇಲೆ ಓಡಾಡಿದ ಮಗು ಮುಟ್ಟಿದಾಗ ಸ್ಥಾಯಿ ವಿದ್ಯುತ್ತಿನಿಂದ ಚಿಪ್ ಸುಡಬಾರದು. ರಾನ್ ಸ್ಮಿತ್ ಯಾಂತ್ರಿಕ ಭಾಗ ನೋಡಿಕೊಂಡರು, ನಿಕ್ ಟೇಲ್ಸ್‌ಫೋರ್ ಹೊರರೂಪ ಕೊಟ್ಟರು. ಯಂತ್ರದ ಮಿದುಳಾಗಿ ಕಂಪನಿಯದೇ ಎಫ್8 ಪ್ರೊಸೆಸರ್ ಬಂತು. ರೇಡಿಯೊ ತರಂಗಗಳಿಗೆ ತೊಂದರೆಯಾಗದಂತೆ ಅಮೆರಿಕದ ಸಂವಹನ ಆಯೋಗ ಹಾಕಿದ್ದ ನಿಯಮ ದಾಟುವುದಂತೂ ದೊಡ್ಡ ತಲೆನೋವಾಯಿತು.

1976ರ ನವೆಂಬರಿನಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಬೆಲೆ 169.95 ಡಾಲರ್, ಮುಂದೆ ‘ಚಾನೆಲ್ ಎಫ್’ ಎಂದು ಹೆಸರಾಯಿತು. ಹಳದಿ ಬಣ್ಣದ ಕಾರ್ಟ್ರಿಜ್‌ಗಳು, ಹೆಚ್ಚಿನವುಗಳಲ್ಲಿ ಎರಡೇ ಕಿಲೋಬೈಟ್ ಪ್ರೋಗ್ರಾಮ್. ಆಟವನ್ನು ನಡುವೆ ನಿಲ್ಲಿಸುವ ‘ಹೋಲ್ಡ್’ ಗುಂಡಿಯೂ ಅದರಲ್ಲಿತ್ತು. ಊಟಕ್ಕೆ ಕರೆದಾಗ ನಾವು ಒತ್ತುವ ಪಾಸ್ ಗುಂಡಿಯ ಹಿರಿಯಣ್ಣ.

ಮರುವರ್ಷ ಸೆಪ್ಟೆಂಬರಿನಲ್ಲಿ ಅಟಾರಿ ಕಂಪನಿ ತನ್ನ ಕಾರ್ಟ್ರಿಜ್ ಯಂತ್ರ ತಂದಿತು. ಅದರ ಆಟಗಳು ಚುರುಕು, ಚೆಂದ. ಗೆದ್ದದ್ದು ಅಟಾರಿ. ಫೇರ್‌ಚೈಲ್ಡ್ 1979ರಲ್ಲಿ ವಿಡಿಯೊ ಗೇಮ್ ವ್ಯಾಪಾರವನ್ನೇ ಮಾರಿಬಿಟ್ಟಿತು. ಲಾಸನ್ ಕಂಪನಿ ಬಿಟ್ಟು 1980ರಲ್ಲಿ ‘ವಿಡಿಯೊಸಾಫ್ಟ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ವಿಚಿತ್ರ ನೋಡಿ, ಅಲ್ಲಿ ಅವರು ಬರೆಸಿದ್ದು ತಮ್ಮನ್ನು ಸೋಲಿಸಿದ ಅದೇ ಅಟಾರಿ ಯಂತ್ರದ ಆಟಗಳನ್ನು! ಕೆಲವೇ ವರ್ಷಗಳಲ್ಲಿ ಅದೂ ಮುಚ್ಚಿತು.

ಕೊನೆಗಾಲದಲ್ಲಿ ಮಧುಮೇಹ ಅವರ ಒಂದು ಕಾಲನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಿತ್ತುಕೊಂಡಿತು. ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘ ಅವರನ್ನು ಕರೆದು ಸನ್ಮಾನಿಸಿದ್ದು 2011ರ ಮಾರ್ಚಿನಲ್ಲಿ. ಚಾನೆಲ್ ಎಫ್ ಬಂದು ಆಗಲೇ 34 ವರ್ಷ ಕಳೆದಿತ್ತು. ಮರುತಿಂಗಳು 9ರಂದು ಲಾಸನ್ ತೀರಿಕೊಂಡರು.

ಅಟಾರಿಯ ಹಳೆಯ ಆಟಗಳು 2016ರಲ್ಲಿ ‘ಅಟಾರಿ ವಾಲ್ಟ್’, 2022ರಲ್ಲಿ ‘ಅಟಾರಿ 50’ ಎಂದು ಕಂಪ್ಯೂಟರಿಗೆ ಮತ್ತೆ ಮತ್ತೆ ಬಂದವು. ನನ್ನ ಬಳಿ ಇರುವ ಸೆಗಾ ಸಂಗ್ರಹವನ್ನು ಕಂಪನಿ 2024ರ ಡಿಸೆಂಬರಿನಲ್ಲಿ ಮಾರಾಟದಿಂದ ತೆಗೆಯಿತು. ಮೊದಲೇ ಕೊಂಡವರ ಬಳಿ ಫೈಲುಗಳು ಉಳಿದಿವೆ. ಈ ಯಾವ ಸಂಗ್ರಹದಲ್ಲೂ ಚಾನೆಲ್ ಎಫ್‌ನ ಆಟವಿಲ್ಲ. 2022ರ ಡಿಸೆಂಬರ್ 1ರಂದು, ಲಾಸನ್ ಅವರ 82ನೇ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಹೆಸರಿನಲ್ಲಿ ಒಂದು ಪುಟ್ಟ ಆಟವನ್ನು ಇಟ್ಟಿತ್ತು. ಆಡುವುದಷ್ಟೇ ಅಲ್ಲ, ನಮ್ಮದೇ ಆಟವನ್ನೂ ಅದರೊಳಗೆ ಕಟ್ಟಬಹುದು. ಅದು ಈಗಲೂ ಸಿಗುತ್ತದೆ. ಮೊನ್ನೆ ಇಂಟರ್ನಲ್ಸ್‌ಗೆ ಓದಬೇಕಾದ ರಾತ್ರಿ ನಾನೂ ಒಂದು ಕಟ್ಟಿದೆ. ರೂಮ್‌ಮೇಟ್ ಎರಡನೇ ಪ್ರಯತ್ನಕ್ಕೇ ಗೆದ್ದುಬಿಟ್ಟ.