ಕೋಲ್ಮನ್ ಹಾಕಿಕೊಟ್ಟ ಎರಡು ದಾರಿಗಳು

ವಿಜಯಪುರ ಜಿಲ್ಲೆಯ ಹೊನವಾಡ ಸೀಮೆಯ ದ್ರಾಕ್ಷಿ ಬೆಳೆಗಾರರು ಬೂಜುತುಪ್ಪಟ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನೇ ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೂ ಬಳಸುತ್ತಾರೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡ ಮೈಲುತುತ್ತ-ಸುಣ್ಣದ ಈ ಮಿಶ್ರಣವನ್ನು ನಮ್ಮ ಅಡಿಕೆ ಮರದ ತುದಿಗೆ ಏರಿಸಿದವರು ಲೆಸ್ಲಿ ಕೋಲ್ಮನ್.

ಕೆನಡಾದಲ್ಲಿ 1878ರಲ್ಲಿ ಜನಿಸಿದ ಕೋಲ್ಮನ್, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಆಗ ರೈತರು ಮಳೆಗಾಲಕ್ಕೆ ಮುನ್ನ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುತ್ತಿದ್ದರು. ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಕೋಲ್ಮನ್ 1910ರಲ್ಲಿ ಪ್ರಕಟಿಸಿ, ಸಿಂಪರಣೆಯನ್ನು ತೋಟಗಳಲ್ಲಿ ಬೇರೂರಿಸಿದರು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಅವರ ಕಾಲದ್ದು.

ಆದರೆ ಸಿಂಪರಣೆ ಪ್ರತಿ ವರ್ಷದ ಖರ್ಚು. ರೈತನೇ ಅದನ್ನು ಹೊರಬೇಕು. ರೋಗನಿರೋಧಕ ತಳಿಯಾದರೋ ಸರ್ಕಾರ ಹೂಡುವ ಬಂಡವಾಳ. ಫಲ ಸಾವಿರಾರು ಮಂದಿಗೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಅವರ ಎರಡನೆಯ ದಾರಿಯೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅವರ ಅವಧಿಯಲ್ಲೇ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಎಲೆತುಕ್ಕನ್ನು ಮೊದಲು ತಡೆದುಕೊಂಡ ಕೆಂಟ್ಸ್ ತಳಿ ಕ್ರಮೇಣ ಸೋತಿತು. ಅದನ್ನೇ ಮತ್ತೊಂದು ತಳಿಯೊಡನೆ ಸಂಕರಿಸಿ ಪಡೆದ ಎಸ್.795, 1940ರ ದಶಕದಲ್ಲಿ ಬೆಳೆಗಾರರನ್ನು ತಲುಪಿತು. ಅಷ್ಟರಲ್ಲಿ ಕೋಲ್ಮನ್ 1934ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದ್ದರು. 1954ರಲ್ಲಿ ಅಲ್ಲಿಯೇ ನಿಧನರಾದರು. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು.

ಇಂದು ಈ ಪಾಠ ಪುಷ್ಪಕೃಷಿಗೂ ಸಲ್ಲುತ್ತದೆ. ಸುಗಂಧರಾಜ, ಗ್ಲಾಡಿಯೋಲಸ್‌ಗಳನ್ನು ಗಡ್ಡೆಯಿಂದಲೇ ಬೆಳೆಸುವುದರಿಂದ ಸೊರಗು ಮತ್ತು ಕೊಳೆರೋಗದ ಶಿಲೀಂಧ್ರಗಳು ಗಡ್ಡೆಯೊಂದಿಗೇ ಹೊಸ ಹೊಲಕ್ಕೆ ಪ್ರಯಾಣ ಮಾಡುತ್ತವೆ. ಗಡ್ಡೆಯನ್ನು ಔಷಧಿಯಲ್ಲಿ ಅದ್ದುವುದು ತಾತ್ಕಾಲಿಕ ಪರಿಹಾರ ಮಾತ್ರ. ನಿರೋಧಕ ತಳಿಯೇ ಬಾಳಿಕೆಯದು. 1967ರಲ್ಲಿ ಸ್ಥಾಪನೆಗೊಂಡ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿ ಈ ಹೂಗಳ ತಳಿ ಅಭಿವೃದ್ಧಿ ಕೈಗೊಂಡಿದೆ. ಹೂವಿನ ಬಣ್ಣ, ದಂಟಿನ ಉದ್ದ ಮಾರುಕಟ್ಟೆಯಲ್ಲಿ ಕೂಡಲೇ ಬೆಲೆ ತರುತ್ತವೆ. ನಿರೋಧಕ ಗುಣ ಕಣ್ಣಿಗೆ ಕಾಣದು. ಆದ್ದರಿಂದಲೇ ಅದು ಸಾರ್ವಜನಿಕ ಹಣದ ಹೊಣೆ.

ಕೆಂಟ್ಸ್ ಸೋತ ಕಥೆ ಇನ್ನೊಂದನ್ನೂ ಹೇಳುತ್ತದೆ: ಶಿಲೀಂಧ್ರವೂ ಬದಲಾಗುತ್ತದೆ, ಗೆದ್ದ ತಳಿಯೂ ಒಂದು ದಿನ ಮಣಿಯುತ್ತದೆ. ಸಂಶೋಧನೆಯನ್ನು ಕಟ್ಟಡದಂತೆ ಕಟ್ಟಿ ಮುಗಿಸಲಾಗದು. ಕೆರೆಯಂತೆ ವರ್ಷವರ್ಷವೂ ಹೂಳೆತ್ತುತ್ತಿರಬೇಕು. ಆಯವ್ಯಯ ಸಿದ್ಧಪಡಿಸುವವರು ಈ ಮಾತನ್ನು ಗಮನದಲ್ಲಿಟ್ಟುಕೊಂಡರೆ, ಅದೇ ಕೋಲ್ಮನ್‌ಗೆ ನಾವು ಸಲ್ಲಿಸುವ ಗೌರವ.