ಗುಡಗೇರಿ ಸ್ಟೇಷನ್ ಹತ್ತಿರದ ಹಾಡುಗಾರ

ಹುಬ್ಬಳ್ಳಿಯಿಂದ ಹಾವೇರಿ ಕಡೆ ಪ್ಯಾಸೆಂಜರ್ ಗಾಡಿ ಹತ್ತಿದ್ರೆ ಕುಂದಗೋಳ, ಸಂಶಿ ದಾಟಿದ ಮೇಲೆ ಗುಡಗೇರಿ ಬರ್ತದೆ. ಸುತ್ತ ಎರಿ ಹೊಲ, ಹತ್ತಿ, ಮೆಣಸಿನಕಾಯಿ. ನಮ್ಮ ಫೆಸ್ಟ್‌ನಲ್ಲಿ ಪ್ರತಿ ವರ್ಷ ಒಂದಿಲ್ಲೊಂದು ಬ್ಯಾಂಡ್ ಗಿಟಾರ್ ಹಿಡ್ಕೊಂಡು ಕೋಡಗನನ್ನು ನುಂಗಿದ ಕೋಳಿಯ ಹಾಡು ಹಾಡ್ತದಲ್ಲ, ಅದು ಹುಟ್ಟಿದ್ದು ಈ ಸೀಮೆಯಲ್ಲೇ. ಕಟ್ಟಿದವರು ಶಿಶುನಾಳ ಶರೀಫರು.

ಶರೀಫರು ಹುಟ್ಟಿದ್ದು 1819ರ ಜುಲೈ 3ರಂದು, ಈಗಿನ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ಧಾರವಾಡ ಸೀಮೆ ಪೇಶ್ವೆಗಳ ಕೈಯಿಂದ ಇಂಗ್ಲಿಷರ ಕೈಗೆ ಹೋಗಿ ಆಗಿನ್ನೂ ಒಂದೇ ವರ್ಷ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಡುಗ ಓದಿನಲ್ಲಿ ಚುರುಕು. ಮುಲ್ಕಿ ಪರೀಕ್ಷೆ ಪಾಸಾಗಿ ಸುತ್ತಲಿನ ಹಳ್ಳಿಗಳಲ್ಲಿ ಸಾಲಿ ಮಾಸ್ತರಿಕೆ ಮಾಡಿದರು. ಆ ಕಾಲಕ್ಕೆ ಅದು ಸಣ್ಣ ನೌಕರಿಯಲ್ಲ ಬಿಡ್ರಿ. ಆದ್ರೂ ಬಿಟ್ಟರು! ಪ್ಲೇಸ್‌ಮೆಂಟ್ ಚಿಂತೆಯಲ್ಲಿರೋ ನಮಗೆ ಇದನ್ನ ಅರಗಿಸಿಕೊಳ್ಳೋದು ಸ್ವಲ್ಪ ಕಷ್ಟ.

ಅವರನ್ನು ಎಳೆದದ್ದು ಕಳಸದ ಗೋವಿಂದಭಟ್ಟರು. ಕಳಸ ಇರೋದು ಕುಂದಗೋಳ ತಾಲ್ಲೂಕಿನಲ್ಲಿ, ಗುಡಗೇರಿಯ ಮಗ್ಗಲಿಗೇ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಇಬ್ಬರ ಮಂದಿಗೂ ಇದು ಸೇರಲಿಲ್ಲ. ಭಟ್ಟರು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದರು ಅಂತ ಈ ಕಡೆಯ ಜನ ಇವತ್ತಿಗೂ ಹೇಳ್ತಾರೆ. ಊರವರ ಮಾತಿಗೆ ಅಂಜಿ ಗುರುವೂ ಕೈಬಿಡಲಿಲ್ಲ, ಶಿಷ್ಯನೂ ದೂರ ಸರಿಯಲಿಲ್ಲ. ನನಗೆ ಈ ಕಥೆಯಲ್ಲಿ ಪವಾಡಗಳಿಗಿಂತ ದೊಡ್ಡದಾಗಿ ಕಾಣೋದು ಇದೇ.

ನಡುವೆ ಸಂಸಾರವೂ ಆಯ್ತು. ಹೆಂಡತಿ ಫಾತಿಮಾ ಕುಂದಗೋಳದವರು. ಒಬ್ಬಳು ಮಗಳು ಹುಟ್ಟಿದಳು, ಆದರೆ ಉಳಿಯಲಿಲ್ಲ. ಹೆಂಡತಿಯೂ ತೀರಿಕೊಂಡರು. ಅವರ ಹಾಡುಗಳಲ್ಲಿ ಮನೆ, ಮಾಳಿಗೆ, ಹೆಂಡತಿ, ಮೋಹ ಇವೆಲ್ಲ ಯಾಕೆ ಮತ್ತೆ ಮತ್ತೆ ಬರ್ತಾವೆ ಅಂತ ಕೇಳಿದರೆ, ಬರೀ ವೇದಾಂತ ಅಂದು ಸುಮ್ಮನಾಗೋಕೆ ಆಗೋದಿಲ್ಲ.

ಶರೀಫರಿಗೆ ಯಾವ ಅರಮನೆಯ ಆಸರೆಯೂ ಇರಲಿಲ್ಲ. ಮಳೆಗೆ ಸೋರುವ ಮಾಳಿಗೆ, ಸೇದುವ ಗುಡಗುಡಿ, ಸಂತೆಗೆ ಹೊರಟ ಮುದುಕಿ, ಕಣ್ಣಿಗೆ ಬಿದ್ದದ್ದೆಲ್ಲ ಪದ ಆಗ್ತಿತ್ತು. ಭಾಷೆ ಹೊಲದಾಗ ಆಡೋ ಭಾಷೆ, ಒಳಗೆ ತತ್ವ. ಮೊಹರಂಗೆ ರಿವಾಯತ್ ಪದಗಳನ್ನೂ ಕಟ್ಟಿದರು, ಅದೇ ಕೈಯಿಂದ ಬಸವಣ್ಣನ ಮೇಲೂ ಕಟ್ಟಿದರು. ಪ್ರತಿ ಹಾಡಿನ ಕೊನೆಗೆ ತಮ್ಮೂರ ದೇವರಾದ ಶಿಶುನಾಳಾಧೀಶನ ಅಂಕಿತ. ಹುಬ್ಬಳ್ಳಿಗೆ ಗಿರಣಿ ಬಂದಾಗ ಅದರ ಮೇಲೂ ಒಂದು ಪದ ಬಂತು. ಮೆಕ್ಯಾನಿಕಲ್ ಬ್ರಾಂಚಿನವರು ಅದನ್ನೊಮ್ಮೆ ಹುಡುಕಿ ಕೇಳಬೇಕು. ನವಲಗುಂದದ ನಾಗಲಿಂಗಸ್ವಾಮಿಗಳಂಥ ಅವಧೂತರ ಜೊತೆಗೂ ಒಡನಾಟವಿತ್ತು.

ಹಾಡುಗಳು ದಾಟಿದ್ದು ಬಾಯಿಂದ ಬಾಯಿಗೆ. ಭಜನೆ ಮಂದಿ, ಏಕತಾರಿಯವರು ಹೊತ್ತು ತಿರುಗಿದರು. ಹಾಗಾಗಿ ಒಂದೇ ಪದ ಊರಿಗೊಂದು ಥರ ಸಿಗ್ತದೆ. ನಗರದವರ ಮನೆಗೆ ಅದನ್ನು ಮುಟ್ಟಿಸಿದ್ದು ಸಿ. ಅಶ್ವತ್ಥ್ ದನಿ. 1990ರಲ್ಲಿ ಟಿ. ಎಸ್. ನಾಗಾಭರಣ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡ ಗೋವಿಂದಭಟ್ಟರಾದರು. ಆಮೇಲೆ ರಘು ದೀಕ್ಷಿತ್ ಗುಡಗುಡಿ ಹಾಡನ್ನು ಗಿಟಾರಿಗೆ ಹಚ್ಚಿದರು. ಅದು ಸರಿಯೋ ತಪ್ಪೋ ಅಂತ ನಮ್ಮ ಹಾಸ್ಟೆಲ್‌ನಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅದೂ ಹುಟ್ಟಿದ ದಿನವೇ, ಜುಲೈ 3. ವಯಸ್ಸು ಸರಿಯಾಗಿ 70. ಕೊನೆಯ ವಿಧಿಗಳಲ್ಲಿ ಒಂದು ಕಡೆ ಕುರಾನ್, ಇನ್ನೊಂದು ಕಡೆ ಮಂತ್ರ ಎರಡೂ ನಡೆದವಂತೆ. ಶಿಶುನಾಳದ ಗದ್ದಿಗೆಗೆ ಇವತ್ತಿಗೂ ಎರಡೂ ಕಡೆಯವರು ಬರ್ತಾರೆ, ಅವರದೇ ಪದ ಹಾಡ್ತಾ ಕೂತಿರ್ತಾರೆ.