ಅಂಗಳಕ್ಕಿಳಿಯದೆ ನಿವೃತ್ತಿಯಾದ ಅಂಕಿ 45: ಎರ್ನಿ ಡೇವಿಸ್

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿಯನ್ನು ಪಡೆದ ಮೊದಲ ಕಪ್ಪು ಆಟಗಾರ ಎರ್ನಿ ಡೇವಿಸ್. ಅವರು ಬದುಕಿದ್ದು 23 ವರ್ಷ ಮಾತ್ರ. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆಯನ್ನು ಭೇದಿಸಿ ಗಜಗಜವಾಗಿ ನೆಲ ಗೆಲ್ಲುವ ಆಟ.

ಡೇವಿಸ್ ಜನಿಸಿದ್ದು 1939ರ ಡಿಸೆಂಬರ್ 14ರಂದು, ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ಸೇಲಂನಲ್ಲಿ. ಮಗು ಹುಟ್ಟುವ ಮೊದಲೇ ತಂದೆ ಅಪಘಾತದಲ್ಲಿ ತೀರಿಕೊಂಡಿದ್ದರು. ಯೂನಿಯನ್‌ಟೌನ್‌ನಲ್ಲಿ ತಾಯಿಯ ತಂದೆತಾಯಿಗಳ ಆಶ್ರಯದಲ್ಲಿ ಬೆಳೆದ ಹುಡುಗನಿಗೆ ಮಾತು ತೊದಲುತ್ತಿತ್ತು. 12ನೇ ವಯಸ್ಸಿನಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿದ್ದ ತಾಯಿಯ ಮನೆ ಸೇರಿದ. ಅಲ್ಲಿನ ಶಾಲೆಯಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್ ಮೂರರಲ್ಲೂ ಮಿಂಚಿದ. ಹಲವು ಕಾಲೇಜುಗಳು ಕರೆದರೂ ಆರಿಸಿಕೊಂಡದ್ದು ಸಿರಾಕ್ಯೂಸ್ ವಿಶ್ವವಿದ್ಯಾಲಯವನ್ನು. ಅದೇ ಸಂಸ್ಥೆಯಲ್ಲಿ ಆಡಿ ಹೆಸರಾಗಿದ್ದ ಜಿಮ್ ಬ್ರೌನ್ ಅವರ ಮನವೊಲಿಕೆ ಇದಕ್ಕೆ ಮುಖ್ಯ ಕಾರಣ. ಬ್ರೌನ್ ತೊಟ್ಟಿದ್ದ 44ನೇ ಅಂಕಿಯ ಅಂಗಿಯೇ ಡೇವಿಸ್ ಪಾಲಿಗೂ ಬಂತು.

ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಹೀಗಾಗಿ ಅವರ ಮೊದಲ ಋತು 1959ರದ್ದು. ಸಿರಾಕ್ಯೂಸ್‌ನ ಪಾಲಿಗೆ ಅಂತಹ ವರ್ಷ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿದ್ದ ಬೆನ್ ಶ್ವಾರ್ಟ್ಸ್‌ವಾಲ್ಡರ್ ತರಬೇತುದಾರರು. ಹತ್ತು ಪಂದ್ಯಗಳಲ್ಲಿ ತಂಡ ಗಳಿಸಿದ್ದು 390 ಅಂಕ, ಬಿಟ್ಟುಕೊಟ್ಟದ್ದು 59. ಐದು ಎದುರಾಳಿಗಳಿಗೆ ಒಂದು ಅಂಕವೂ ದಕ್ಕಲಿಲ್ಲ. ಕೋಲ್ಗೇಟ್ ತಂಡವಂತೂ 71-0ರಿಂದ ಮಣ್ಣುಮುಕ್ಕಿತು. ಡೇವಿಸ್ ಪ್ರತಿ ಓಟಕ್ಕೆ ಸರಾಸರಿ ಏಳು ಗಜದಂತೆ 686 ಗಜ ಕ್ರಮಿಸಿದರು.

ಜೀವ ಬಾಯಿಗೆ ಬಂದದ್ದು ಪೆನ್ ಸ್ಟೇಟ್ ವಿರುದ್ಧ ಮಾತ್ರ. ಎರಡೂ ತಂಡಗಳು ಅಲ್ಲಿಯವರೆಗೆ ಅಜೇಯ. 20-6ರಿಂದ ಮುಂದಿದ್ದ ಸಿರಾಕ್ಯೂಸ್ ನೋಡನೋಡುತ್ತಿದ್ದಂತೆ 20-18ಕ್ಕೆ ಬಂದು ನಿಂತಿತು. ಪೆನ್ ಸ್ಟೇಟ್ ಮೂರು ಟಚ್‌ಡೌನ್ ಗಳಿಸಿದರೂ ಅದರ ನಂತರದ ಹೆಚ್ಚುವರಿ ಅಂಕದ ಯತ್ನಗಳಲ್ಲಿ ಒಂದೂ ಫಲಿಸಲಿಲ್ಲ. ಉಳಿದ ನಿಮಿಷಗಳುದ್ದಕ್ಕೂ ಚೆಂಡನ್ನು ಬಿಟ್ಟುಕೊಡದೆ ಸಿರಾಕ್ಯೂಸ್ ಪಾರಾಯಿತು.

1960ರ ಜನವರಿ 1ರಂದು ಡಲ್ಲಾಸ್‌ನಲ್ಲಿ ಕಾಟನ್ ಬೌಲ್ ಪಂದ್ಯ, ಎದುರಾಳಿ ಟೆಕ್ಸಾಸ್. ಆ ತಂಡದಲ್ಲಿ ಎಲ್ಲರೂ ಬಿಳಿಯರು. ಸಿರಾಕ್ಯೂಸ್‌ನಲ್ಲಿ ಡೇವಿಸ್ ಜೊತೆಗೆ ಆರ್ಟ್ ಬೇಕರ್, ಜಾನ್ ಬ್ರೌನ್ ಎಂಬ ಕಪ್ಪು ಆಟಗಾರರಿದ್ದರು. ಡೇವಿಸ್‌ರ ತೊಡೆಯ ಸ್ನಾಯು ಕೆಲ ದಿನಗಳ ಹಿಂದಷ್ಟೇ ಉಳುಕಿತ್ತು. ಆದರೂ ಪಂದ್ಯ ಆರಂಭವಾದ ಸ್ವಲ್ಪದರಲ್ಲೇ ಗರ್ ಶ್ವೀಡ್ಸ್ ಎಸೆದ ಚೆಂಡನ್ನು ಹಿಡಿದು ಓಡಿದರು. 87 ಗಜದ ಟಚ್‌ಡೌನ್ ದಾಖಲಾಯಿತು. ಜನಾಂಗ ನಿಂದನೆಯ ಮಾತುಗಳು ಹಾರಾಡಿದವು, ಮೈದಾನದಲ್ಲೇ ಕೈಕೈ ಮಿಲಾಯಿಸಿತು. ಸಿರಾಕ್ಯೂಸ್ 23-14ರಿಂದ ಗೆದ್ದು ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಉಳಿಸಿಕೊಂಡಿತು. ಪಂದ್ಯದ ಶ್ರೇಷ್ಠ ಆಟಗಾರ ಡೇವಿಸ್ ಅವರೇ. ಆದರೆ ಅಂದಿನ ಔತಣಕೂಟದಲ್ಲಿ ಪ್ರಶಸ್ತಿ ಸ್ವೀಕರಿಸಿ ಕೂಡಲೇ ಹೊರಡಬೇಕೆಂದು ಅವರಿಗೆ ತಿಳಿಸಲಾಯಿತು! ಗೆದ್ದವನಿಗೆ ಪದಕವುಂಟು, ಪಂಕ್ತಿಯಿಲ್ಲ. ಟೆಕ್ಸಾಸ್ ತಂಡದ ಪರ ಕಪ್ಪು ಆಟಗಾರನೊಬ್ಬ ಕಣಕ್ಕಿಳಿದದ್ದು 1970ರಲ್ಲಿ.

ಮುಂದಿನ ಎರಡು ಋತುಗಳಲ್ಲಿ ಡೇವಿಸ್, ಸಿರಾಕ್ಯೂಸ್‌ನಲ್ಲಿ ಜಿಮ್ ಬ್ರೌನ್ ಹೆಸರಿನಲ್ಲಿದ್ದ ಪ್ರಮುಖ ದಾಖಲೆಗಳನ್ನು ಮುರಿದರು. 1961ರಲ್ಲಿ ಓಹಿಯೊ ಸ್ಟೇಟ್‌ನ ಬಾಬ್ ಫರ್ಗುಸನ್‌ರನ್ನು 53 ಅಂಕಗಳಿಂದ ಹಿಂದಿಕ್ಕಿ ಹೈಸ್‌ಮನ್ ಟ್ರೋಫಿ ಪಡೆದಾಗ, ನ್ಯೂಯಾರ್ಕ್‌ಗೆ ಬಂದಿದ್ದ ಅಧ್ಯಕ್ಷ ಕೆನಡಿ ಅವರನ್ನು ಕಂಡು ಅಭಿನಂದಿಸಿದರು. ಆನಂತರ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಮೊದಲ ಸ್ಥಾನ. ಅದೂ ಕಪ್ಪು ಆಟಗಾರನಿಗೆ ಮೊದಲ ಬಾರಿ. ಕಪ್ಪು ಆಟಗಾರರನ್ನು ಹೊರಗಿಟ್ಟು ಸರ್ಕಾರದ ಒತ್ತಡಕ್ಕೆ ಸಿಲುಕಿದ್ದ ವಾಷಿಂಗ್ಟನ್ ತಂಡ ಅವರನ್ನು ಆರಿಸಿ, ಬಾಬಿ ಮಿಚೆಲ್‌ರನ್ನು ಪಡೆಯಲು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಬಿಟ್ಟುಕೊಟ್ಟಿತು. ಜಿಮ್ ಬ್ರೌನ್ ಪಕ್ಕದಲ್ಲಿ ಡೇವಿಸ್ ಓಡುವುದನ್ನು ಕಾಣಲು ಕ್ಲೀವ್‌ಲ್ಯಾಂಡ್ ಕಾತರಿಸಿತ್ತು.

1962ರ ಬೇಸಿಗೆಯಲ್ಲಿ, ಷಿಕಾಗೊದ ಆಲ್‌ಸ್ಟಾರ್ ಪಂದ್ಯಕ್ಕೆ ಸಿದ್ಧರಾಗುತ್ತಿದ್ದಾಗ ಡೇವಿಸ್ ಅಸ್ವಸ್ಥರಾದರು. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ರೋಗದ ನಿಜ ಹೆಸರನ್ನು ಅವರಿಗೆ ತಿಳಿಸಿದ್ದು ಅಕ್ಟೋಬರ್‌ನಲ್ಲಿ. ಔಷಧೋಪಚಾರದಿಂದ ಕೆಲಕಾಲ ರೋಗ ಹಿಮ್ಮೆಟ್ಟಿದಾಗ ಆಡುವ ಆಸೆ ಚಿಗುರಿತು. ಮಾಲೀಕ ಆರ್ಟ್ ಮಾಡೆಲ್ ಆಡಲೆಂದರೆ, ತರಬೇತುದಾರ ಪಾಲ್ ಬ್ರೌನ್ ಒಪ್ಪಲಿಲ್ಲ. ಇಬ್ಬರ ನಡುವೆ ಮೊದಲೇ ಇದ್ದ ಬಿರುಕು ಇದರಿಂದ ಹಿರಿದಾಯಿತು. 1963ರ ಜನವರಿಯಲ್ಲಿ ಪಾಲ್ ಬ್ರೌನ್ ಕೆಲಸ ಕಳೆದುಕೊಂಡರು. ಡೇವಿಸ್ ಮಾತ್ರ ಯಾರನ್ನೂ ದೂರಲಿಲ್ಲ. ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯ ಲೇಖನದಲ್ಲಿ ತಾನು ದುರದೃಷ್ಟವಂತನಲ್ಲವೆಂದೇ ಹೇಳಿಕೊಂಡರು.

1963ರ ಮೇ 18ರಂದು ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಎಲ್ಮೈರಾದಲ್ಲಿ ಸಾವಿರಾರು ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು. ಸಾಹಿತಿ ಮಾರ್ಕ್ ಟ್ವೇನ್ ಮಲಗಿರುವ ವುಡ್‌ಲಾನ್ ಸ್ಮಶಾನದಲ್ಲೇ ಅವರ ಸಮಾಧಿಯೂ ಇದೆ. ಸಿರಾಕ್ಯೂಸ್ 2005ರಲ್ಲಿ 44ನ್ನು ನಿವೃತ್ತಿಗೊಳಿಸಿತು. ಕ್ಲೀವ್‌ಲ್ಯಾಂಡ್ ಬ್ರೌನ್ಸ್, ಡೇವಿಸ್‌ಗೆಂದು ನೀಡಿದ್ದ 45ನೇ ಅಂಕಿಯನ್ನು ಬೇರಾರಿಗೂ ಕೊಡದೆ ತೆಗೆದಿರಿಸಿತು. ಆ ಅಂಗಿ ತೊಟ್ಟು ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ.